ಸೂಜಿ ಚುಚ್ಚಿತು ಅಂತ ಮಗು ಬಂದು ಹೇಳಿದರೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಕವಿತೆ ಓದ್ತಾನೆ ಅಂತ ನನ್ನನ್ನು ಕರೆದಿರಬಹುದು. ಇವತ್ತು ಕವಿತೆ ಬೇಡ. ಸೂಜಿಯ ವಿಷಯ ಮಾತಾಡ್ತೀನಿ. ಯಾರಿಗೋ ಚುಚ್ಚಿ ಬಿಸಾಡಿದ ಇಂಜೆಕ್ಷನ್ ಸೂಜಿ ಕಸಕ್ಕೆ ಬಿದ್ದು, ಆ ಕಸದಿಂದ ಒಂದು ಮಗುವಿನ ಅಂಗೈಗೋ ಅಂಗಾಲಿಗೋ ಚುಚ್ಚುತ್ತದಲ್ಲ, ಆ ಸೂಜಿಯ ವಿಷಯ.

ನಾನು ಡಾಕ್ಟರಲ್ಲ. ಕನ್ನಡ, ಚರಿತ್ರೆ ಓದಿ ಬಿ.ಎ. ಮಾಡಿದವನು. ಇದು ಡಾಕ್ಟರು ಹೇಳಬೇಕಾದ ಮಾತಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಸೂಜಿ ಚುಚ್ಚಿದ ಮಗು ಸೀದಾ ಡಾಕ್ಟರ ಹತ್ತಿರ ಹೋಗೋದಿಲ್ಲ. ಕೇರಿಯಲ್ಲಿ ನಾಲ್ಕಕ್ಷರ ಓದಿದ ಅಣ್ಣನ ಹತ್ತಿರ, ಅಕ್ಕನ ಹತ್ತಿರ ಬರುತ್ತೆ. ಅಂದ್ರೆ ನಿಮ್ಮ ಹತ್ತಿರ. ಆ ಹೊತ್ತಲ್ಲಿ ನೀವು ಏನು ಹೇಳ್ತೀರಿ, ಏನು ಮಾಡ್ತೀರಿ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ. ಅದಕ್ಕೇ ಈ ಮಾತು ನಿಮಗೆ.

ಈ ಸೂಜಿ ಯಾವ ಮಕ್ಕಳಿಗೆ ಚುಚ್ಚುತ್ತೆ? ಪಾರ್ಕಿನಲ್ಲಿ ಆಡುವ ಸಾಹೇಬರ ಮಗುವಿಗೂ ಚುಚ್ಚಬಹುದು. ಇಲ್ಲ ಅನ್ನೋದಿಲ್ಲ. ಆದರೆ ನರ್ಸಿಂಗ್ ಹೋಮಿನ ಹಿಂದಿನ ಕಸದ ರಾಶಿಯಲ್ಲಿ ಬಾಟಲಿ ಆರಿಸುವ ಮಗು ಯಾರದು? ಚೀಲ ಹೆಗಲಿಗೆ ಹಾಕಿಕೊಂಡು ಗುಜರಿ ಅಂಗಡಿಗೆ ಪ್ಲಾಸ್ಟಿಕ್ ಹಾಕುವ ಮಗು ಯಾರದು? ಅವ್ವ ಬೀದಿ ಗುಡಿಸುವಾಗ ರಜಾದಿನ ಅವಳ ಹಿಂದೆ ಹೋಗಿ ಗಾಡಿ ತಳ್ಳುವ ಮಗು ಯಾರದು? ಚಪ್ಪಲಿ ಇಲ್ಲದ ಕಾಲು ಯಾರದು? ಉತ್ತರ ನಿಮಗೆ ಗೊತ್ತು. ನಾನು ಹೇಳಬೇಕಾಗಿಲ್ಲ.

1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ತಲೆ ಮೇಲಿನ ಬುಟ್ಟಿ ಇಳಿಸಿದರು. ಊರಿನ ಕಸ ಮಾತ್ರ ನಮ್ಮ ಕೈಯಿಂದ ಇಳಿಯಲಿಲ್ಲ. ಆ ಕಸದೊಳಗೆ ಈಗ ಸೂಜಿ ಸೇರಿಕೊಂಡಿದೆ. ಕ್ಲಿನಿಕ್ಕಿನ ಸೂಜಿ, ದನಕ್ಕೆ ಹಾಕಿದ ಸೂಜಿ, ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಹಾಕಿಕೊಂಡ ಇನ್ಸುಲಿನ್ ಸೂಜಿ, ಅಮಲಿಗೆ ಚುಚ್ಚಿಕೊಳ್ಳುವವರ ಸೂಜಿ. ಸಿರಿಂಜು ಸಿಕ್ಕಿದರೆ ಮಕ್ಕಳಿಗೆ ಅದು ಆಟದ ಸಾಮಾನು. ನೀರು ತುಂಬಿ ಒಬ್ಬರ ಮುಖಕ್ಕೆ ಒಬ್ಬರು ಚಿಮ್ಮಿಸ್ತಾರೆ. ಅದರ ತುದಿಯಲ್ಲಿ ಸೂಜಿ ಇರುತ್ತೆ.

ಈಗ ಒಂದು ಮಗು ಅಂತ ಇಟ್ಟುಕೊಳ್ಳಿ. ಎಂಟು ವರ್ಷ. ಚುಚ್ಚಿತು. ಒಂದು ಹನಿ ರಕ್ತ ಬಂತು. ಅದು ಏನು ಮಾಡುತ್ತೆ? ಅಂಗಿಗೆ ಒರೆಸಿಕೊಳ್ಳುತ್ತೆ, ಸುಮ್ಮನಾಗುತ್ತೆ. ಯಾಕೆ? ಮನೆಯಲ್ಲಿ ಹೇಳಿದರೆ ಮೊದಲು ಬೀಳೋದು ಏಟು. 'ಅದನ್ನ ಯಾಕೆ ಮುಟ್ಟಿದೆ?' ಶಾಲೆಯಲ್ಲಿ ಹೇಳಿದರೆ ಮೇಷ್ಟ್ರು ಕೇಳೋದೂ ಅದೇ. ಆಸ್ಪತ್ರೆಗೆ ಹೋದರೆ ಚೀಟಿ ಬರೆಯುವವರು ಕೇಳೋದೂ ಅದೇ. ಯಾಕೆ ಮುಟ್ಟಿದೆ? ನಮ್ಮ ಅಪ್ಪ ಅಜ್ಜಂದಿರು ಬಾವಿ ಹತ್ತಿರ, ಗುಡಿ ಹತ್ತಿರ ಕೇಳಿಸಿಕೊಂಡ ಪ್ರಶ್ನೆಯೇ ಇದು. ಈಗ ತಿಪ್ಪೆಯ ಹತ್ತಿರವೂ ನಮ್ಮ ಮಕ್ಕಳು ಅದನ್ನೇ ಕೇಳಿಸಿಕೊಳ್ಳಬೇಕು. ಯಾರು ಎಸೆದರು ಅಂತ ಯಾರೂ ಕೇಳೋದಿಲ್ಲ.

ಆ ಭಯದಲ್ಲಿ ಮಗು ಹೇಳದೆ ಉಳಿದರೆ ಏನಾಗುತ್ತೆ? ಗಂಟೆಗಳು ಹೋಗ್ತವೆ. ಈ ವಿಷಯದಲ್ಲಿ ಗಂಟೆಗಳೇ ಮುಖ್ಯ. ಔಷಧಿ ಇದೆ, ಲಸಿಕೆ ಇದೆ. ಆದರೆ ಅದಕ್ಕೆ ಹೊತ್ತು ಇದೆ. ಹೊತ್ತು ಮೀರಿದರೆ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಗೆಳೆಯರೇ, ನಾನು ಹೇಳೋ ಮೊದಲನೇ ಚಿಕಿತ್ಸೆ ಇದು: ಮಗುವನ್ನು ಬೈಯಬೇಡಿ. 'ಹೇಳಿದ್ದು ಒಳ್ಳೇದಾಯ್ತು ಕಂದ' ಅನ್ನಿ. ಇವತ್ತು ಬೈಸಿಕೊಂಡ ಮಗು ಮುಂದಿನ ಸಲ ಹೇಳೋದಿಲ್ಲ. ಅದನ್ನು ನೋಡಿದ ಬೇರೆ ಮಕ್ಕಳೂ ಹೇಳೋದಿಲ್ಲ.

ಎರಡನೇದು, ತೊಳೆಯಿರಿ. ಸೋಪು ಹಾಕಿ, ಹರಿಯುವ ನೀರಿನಲ್ಲಿ, ಕೆಲವು ನಿಮಿಷ ಚೆನ್ನಾಗಿ ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಮೇಲಿಂದ ಸುರಿಯಿರಿ. ಸೋಪಿಲ್ಲದಿದ್ದರೆ ಬರೀ ನೀರಾದರೂ ಸರಿ, ಸೋಪು ಹುಡುಕಿಕೊಂಡು ಕೂರಬೇಡಿ. ಗಾಯವನ್ನು ಹಿಂಡಬೇಡಿ. ಹಿಂಡಿದರೆ ವಿಷ ಹೊರಗೆ ಬರುತ್ತೆ ಅನ್ನೋ ನಂಬಿಕೆ ನಮ್ಮಲ್ಲಿದೆ, ಅದು ಸುಳ್ಳು. ಬಾಯಲ್ಲಿ ಚೀಪಬೇಡಿ. ಸುಣ್ಣ, ಸೀಮೆಎಣ್ಣೆ, ಕಾಫಿಪುಡಿ, ಬ್ಲೀಚಿಂಗ್ ಪೌಡರ್ ಏನೂ ಹಾಕಬೇಡಿ. ಉರಿಯುವುದೆಲ್ಲ ಔಷಧಿಯಲ್ಲ. ಚರ್ಮ ಇನ್ನಷ್ಟು ಕೆಡುತ್ತೆ, ಅಷ್ಟೇ. ತೊಳೆದ ಮೇಲೆ ಒಂದು ಶುದ್ಧ ಬಟ್ಟೆ ಸುತ್ತಿ.

ಮೂರನೇದು, ಆ ಸೂಜಿ. ಅದನ್ನು ಬರಿಗೈಯಲ್ಲಿ ಎತ್ತಬೇಡಿ, ಅದರ ಮುಚ್ಚಳ ಹಾಕೋದಕ್ಕೆ ಹೋಗಬೇಡಿ. ಎಷ್ಟೋ ಜನಕ್ಕೆ ಚುಚ್ಚೋದು ಮುಚ್ಚಳ ಹಾಕುವಾಗಲೇ. ಇಕ್ಕಳದಲ್ಲಿ ಹಿಡಿದು ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಮುಚ್ಚಿ, ಆಸ್ಪತ್ರೆಯವರಿಗೆ ಕೊಡಿ. ಸೂಜಿಯಲ್ಲಿ ರೋಗ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋದಿಲ್ಲ, ಅದರಿಂದ ನಂಬುವ ಉತ್ತರ ಸಿಗೋದಿಲ್ಲ. ಪರೀಕ್ಷೆ ಮಾಡೋದು ಮಗುವಿಗೆ. ಆದರೆ ಡಾಕ್ಟರಿಗೆ ಹೇಳೋದಕ್ಕೆ ನಾಲ್ಕು ವಿಷಯ ಗಮನಿಸಿ: ಎಷ್ಟು ಗಂಟೆಗೆ ಚುಚ್ಚಿತು, ಎಲ್ಲಿ ಬಿದ್ದಿದ್ದ ಸೂಜಿ, ಸಿರಿಂಜಿನಲ್ಲಿ ರಕ್ತ ಕಾಣುತ್ತಿತ್ತೋ, ಎಷ್ಟು ಆಳಕ್ಕೆ ಹೋಯಿತು. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಓದು ಕಲಿತದ್ದು ಇಂಥ ಹೊತ್ತಿಗೆ ಬರಲಿ.

ನಾಲ್ಕನೇದು, ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ, ಸಂತೆ ಮುಗಿಸಿ ನೋಡೋಣ ಅನ್ನಬೇಡಿ. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಯಾವುದು ಹತ್ತಿರವೋ ಅದಕ್ಕೆ. ರಾತ್ರಿಯಾದರೆ ಕ್ಯಾಷುವಾಲ್ಟಿ ತೆಗೆದಿರುತ್ತೆ. ಮಗುವಿನ ತಾಯಿ ಕಾರ್ಡು ಇದ್ದರೆ ತೆಗೆದುಕೊಂಡು ಹೋಗಿ, ಯಾವ ಲಸಿಕೆ ಆಗಿದೆ ಅನ್ನೋದು ಅದರಲ್ಲಿರುತ್ತೆ. ಕಾರ್ಡಿಲ್ಲ ಅಂತ ಹೋಗದೆ ಇರಬೇಡಿ.

ಈಗ ರೋಗಗಳ ವಿಷಯ. ಸೂಜಿ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರೋದು ಎಚ್‌ಐವಿ. ಆ ಹೆಸರಿನ ಹೆದರಿಕೆಗೇ ಅವ್ವ ಅಪ್ಪ ಬಾಯಿ ಮುಚ್ಚಿಕೊಳ್ತಾರೆ. ಅದಕ್ಕೆ ಲೆಕ್ಕ ಸರಿಯಾಗಿ ತಿಳಿದುಕೊಳ್ಳೋಣ. ಆಸ್ಪತ್ರೆಯೊಳಗೆ, ಎಚ್‌ಐವಿ ಇರುವವರ ಹಸಿ ರಕ್ತದ ಸೂಜಿ ನರ್ಸಮ್ಮನಿಗೆ ಚುಚ್ಚಿದರೂ ಸೋಂಕು ತಗಲೋದು ಸುಮಾರು 1000 ಸಲಕ್ಕೆ 3 ಸಲ. ಬೀದಿಯಲ್ಲಿ ಬಿಸಿಲು ಗಾಳಿಗೆ ಬಿದ್ದ ಸೂಜಿಯಲ್ಲಿ ರಕ್ತ ಒಣಗಿದ ಹಾಗೆ ಆ ವೈರಸ್ಸಿನ ಬಲ ಕುಗ್ಗುತ್ತೆ. ಹಾಗಾಗಿ ಕಸದಲ್ಲಿ ಬಿದ್ದ ಸೂಜಿಯಿಂದ ಮಗುವಿಗೆ ಎಚ್‌ಐವಿ ತಗಲುವ ಸಾಧ್ಯತೆ ಇನ್ನೂ ತೀರಾ ಕಡಿಮೆ. ಇದನ್ನು ಮಗುವಿನ ಅವ್ವನಿಗೆ ಮೊದಲು ಹೇಳಿ. ಅವಳ ಎದೆ ಬಡಿತ ಇಳಿಯಲಿ.

ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ. ಸಿರಿಂಜಿನಲ್ಲಿ ಹಸಿ ರಕ್ತ ಇತ್ತು, ಸೂಜಿ ಆಳಕ್ಕೆ ಹೋಯಿತು ಅಂದರೆ ಡಾಕ್ಟರು ಯೋಚಿಸಿ ತಡೆ ಔಷಧಿ ಶುರು ಮಾಡಬಹುದು. ಪೆಪ್ ಅಂತ ಅದಕ್ಕೆ ಹೆಸರು. ಆದಷ್ಟು ಬೇಗ, ಆದರೆ 2 ಗಂಟೆಯೊಳಗೆ, ಮೊದಲ ಡೋಸು ಬೀಳಬೇಕು. 72 ಗಂಟೆ ದಾಟಿದ ಮೇಲೆ ಶುರು ಮಾಡೋದಿಲ್ಲ. 28 ದಿನ ಬಿಡದೆ ತಗೋಬೇಕು. ಮಕ್ಕಳಿಗೆ ತೂಕ ನೋಡಿ ಡೋಸು ಕೊಡ್ತಾರೆ, ಆದ್ದರಿಂದ ದೊಡ್ಡವರ ಮಾತ್ರೆ ಮುರಿದು ಕೊಡೋ ಸಾಹಸ ಬೇಡ. ಸರ್ಕಾರದ ಎಆರ್‌ಟಿ ಕೇಂದ್ರಗಳಲ್ಲಿ ಈ ಔಷಧಿ ಇರುತ್ತೆ. ದಾರಿ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ಕಾಸಿಲ್ಲ.

ಹೆದರಬೇಕಾದ ಹೆಸರು ಬೇರೆ ಇದೆ. ಹೆಪಟೈಟಿಸ್ ಬಿ. ಲಿವರಿಗೆ ಬರುವ ಕಾಮಾಲೆ ರೋಗಗಳಲ್ಲಿ ಒಂದು. ಲಸಿಕೆ ಆಗದವರಿಗೆ ಈ ರೋಗ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ 100ಕ್ಕೆ 6ರಿಂದ 30. ಎಚ್‌ಐವಿಯ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿ. ಈ ವೈರಸ್ಸು ಒಣಗಿದ ರಕ್ತದಲ್ಲೂ 7 ದಿನದವರೆಗೆ ಜೀವ ಹಿಡಿದಿರುತ್ತೆ. ಇನ್ನೊಂದು ಕ್ರೂರ ಲೆಕ್ಕ ಇದೆ. ದೊಡ್ಡವರಿಗೆ ಈ ಸೋಂಕು ಬಂದರೆ ಬಹುಪಾಲು ಜನರಿಗೆ ತಾನೇ ಹೋಗುತ್ತೆ, ಜೀವನಪೂರ್ತಿ ಉಳಿಯೋದು 100ಕ್ಕೆ 5ಕ್ಕಿಂತ ಕಡಿಮೆ ಜನರಲ್ಲಿ. 1ರಿಂದ 5 ವರ್ಷದ ಮಕ್ಕಳಲ್ಲಿ ಅದು 100ಕ್ಕೆ 25ರಿಂದ 50. ಮಗು ಎಷ್ಟು ಚಿಕ್ಕದೋ ರೋಗದ ಹಿಡಿತ ಅಷ್ಟು ಗಟ್ಟಿ. ಇಪ್ಪತ್ತು ಮೂವತ್ತು ವರ್ಷ ಒಳಗೇ ಕೂತಿದ್ದು, ದುಡಿಯುವ ವಯಸ್ಸಿನಲ್ಲಿ ಲಿವರ್ ಸುಕ್ಕುಗಟ್ಟುತ್ತೆ, ಕ್ಯಾನ್ಸರ್ ಆಗುತ್ತೆ. ಆಗ ಜನ ಏನಂತಾರೆ? 'ಕುಡಿದು ಕುಡಿದು ಸತ್ತ' ಅಂತಾರೆ. ಕುಡಿಯದವನಿಗೂ ಅದೇ ಮಾತು. ಎಂಟನೇ ವರ್ಷದಲ್ಲಿ ಅಂಗಾಲಿಗೆ ಚುಚ್ಚಿದ ಸೂಜಿ ಯಾರ ನೆನಪಿನಲ್ಲೂ ಇರೋದಿಲ್ಲ.

ಈ ರೋಗಕ್ಕೆ ಲಸಿಕೆ ಇದೆ. ಹುಟ್ಟಿದ 24 ಗಂಟೆಯೊಳಗೆ ಒಂದು, ಆಮೇಲೆ 6, 10, 14ನೇ ವಾರದಲ್ಲಿ ಪೆಂಟಾ ಲಸಿಕೆಯೊಳಗೇ ಸೇರಿಸಿ, ಸರ್ಕಾರ ಪುಕ್ಕಟೆ ಹಾಕುತ್ತೆ. ಪೂರ್ತಿ ಲಸಿಕೆ ಆದ ಮಗುವಿಗೆ ಸೂಜಿ ಚುಚ್ಚಿದರೆ, ರಕ್ತದಲ್ಲಿ ರಕ್ಷಣೆ ಎಷ್ಟಿದೆ ಅಂತ ನೋಡಿ, ಬೇಕಾದರೆ ಇನ್ನೊಂದು ಡೋಸು ಹಾಕ್ತಾರೆ. ಲಸಿಕೆ ಆಗಿಲ್ಲ, ಅಥವಾ ಆಗಿದೆಯೋ ಗೊತ್ತಿಲ್ಲ ಅಂದರೆ ಅವತ್ತೇ ಮೊದಲ ಡೋಸು ಹಾಕಿಸಬೇಕು, ಉಳಿದ ಡೋಸು ತಪ್ಪಿಸದೆ ಮುಗಿಸಬೇಕು. ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಇನ್ನೊಂದು ಚುಚ್ಚುಮದ್ದು ಇದೆ. ಅದು ಸಿದ್ಧ ರಕ್ಷಣೆ, ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಯುತ್ತೆ. 24 ಗಂಟೆಯೊಳಗೆ ಕೊಟ್ಟರೆ ಒಳ್ಳೇದು, 7 ದಿನ ದಾಟಿದರೆ ಪ್ರಯೋಜನ ಇಲ್ಲ. ಅದಕ್ಕೆ ಬೆಲೆ ಹೆಚ್ಚು. ಡಾಕ್ಟರನ್ನು ನೀವಾಗಿಯೇ ಕೇಳಿ, 'ಸಾರ್, ಈ ಮಗುವಿಗೆ ಅದು ಬೇಕಾ, ಇಲ್ಲಿ ಸಿಗುತ್ತಾ' ಅಂತ. ಅದು ಸಿಗಲಿಲ್ಲ ಅಂತ ಲಸಿಕೆ ನಿಲ್ಲಿಸಬೇಡಿ.

ಮೂರನೇ ರೋಗ ಹೆಪಟೈಟಿಸ್ ಸಿ. ಇದಕ್ಕೆ ಲಸಿಕೆ ಇಲ್ಲ, ಚುಚ್ಚಿದ ಮೇಲೆ ತಡೆಯುವ ಔಷಧಿಯೂ ಇಲ್ಲ. ತಗಲುವ ಸಾಧ್ಯತೆ 100ಕ್ಕೆ 2ಕ್ಕಿಂತ ಕಡಿಮೆ. ಬಂದರೂ ಈಗ ಗುಣಪಡಿಸುವ ಮಾತ್ರೆಗಳಿವೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ. ನಾಲ್ಕನೇದು ಧನುರ್ವಾಯು. ಇದು ನಮ್ಮವರಿಗೆ ಗೊತ್ತಿರುವ ರೋಗ. ಹಿಂದಿನ ಚುಚ್ಚುಮದ್ದು ಯಾವಾಗ ಆಗಿದೆ ಅಂತ ನೋಡಿ ಬೇಕಾದರೆ ಹಾಕ್ತಾರೆ. ನಮ್ಮವರು ಅಷ್ಟಕ್ಕೇ 'ಇಂಜೆಕ್ಷನ್ ಆಯ್ತು' ಅಂತ ಮನೆಗೆ ಬಂದುಬಿಡ್ತಾರೆ. ಟಿಟಿ ಹಾಕಿಸಿದರೆ ಮುಗಿಯಿತು ಅನ್ನೋದು ತಪ್ಪು ತಿಳಿವಳಿಕೆ. ಅದು ಧನುರ್ವಾಯುವಿಗೆ ಮಾತ್ರ. ಉಳಿದ ಮೂರರ ವಿಷಯ ಕೇಳದೆ ಆಸ್ಪತ್ರೆ ಬಾಗಿಲು ದಾಟಬೇಡಿ.

ಅವತ್ತೇ ಮಗುವಿನ ರಕ್ತ ತೆಗೆದು ಪರೀಕ್ಷೆ ಮಾಡ್ತಾರೆ. ಅದರಲ್ಲಿ ಗೊತ್ತಾಗೋದು ಸೂಜಿ ಚುಚ್ಚೋಕೆ ಮುಂಚೆ ಮಗು ಹೇಗಿತ್ತು ಅನ್ನೋದು ಮಾತ್ರ. ಸೂಜಿಯಿಂದ ಏನಾದರೂ ಬಂತೋ ಅಂತ ತಿಳಿಯೋದಕ್ಕೆ 6 ವಾರ, 3 ತಿಂಗಳು, 6 ತಿಂಗಳು, ಹೀಗೆ ಡಾಕ್ಟರು ಹೇಳಿದ ದಿನ ಮತ್ತೆ ಹೋಗಬೇಕು. ನಮ್ಮವರು ಸೋಲೋದು ಇಲ್ಲೇ. ಮೊದಲ ಚೀಟಿಯಲ್ಲಿ 'ನೆಗೆಟಿವ್' ಅಂತ ಬಂತು, ಮುಗಿಯಿತು ಅಂದುಕೊಳ್ತಾರೆ. ಇಲ್ಲ ಕೂಲಿ ಬಿಟ್ಟು ಬಸ್ ಚಾರ್ಜು ಹಾಕಿಕೊಂಡು ಹೋಗೋದಕ್ಕೆ ಆಗೋದಿಲ್ಲ. ಅಂಥ ಮನೆಯ ಮಗುವನ್ನು ಕರೆದುಕೊಂಡು ಹೋಗೋ ಕೆಲಸ ನಿಮ್ಮದು. ಹಾಸ್ಟೆಲಿನ ಗೋಡೆಯ ಮೇಲೆ ಪರೀಕ್ಷೆ ಟೈಂಟೇಬಲ್ ಬರೆದುಕೊಳ್ತೀರಲ್ಲ, ಪಕ್ಕದಲ್ಲಿ ಈ ಮೂರು ತಾರೀಖನ್ನೂ ಬರೆದುಕೊಳ್ಳಿ.

ಈ ಆರು ತಿಂಗಳು ಮಗು ಹೇಗಿರಬೇಕು? ಎಂದಿನ ಹಾಗೆ. ಶಾಲೆಗೆ ಹೋಗಲಿ, ಆಡಲಿ, ಎಲ್ಲರ ಜೊತೆ ಕೂತು ಉಣ್ಣಲಿ, ತಮ್ಮನ ಪಕ್ಕದಲ್ಲಿ ಮಲಗಲಿ. ಯಾವುದರಿಂದಲೂ ಯಾರಿಗೂ ಏನೂ ಆಗೋದಿಲ್ಲ. ತಟ್ಟೆ ಲೋಟ ಬೇರೆ ಇಡೋದು ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ನಮ್ಮ ಮನೆಯಲ್ಲೇ ನಮ್ಮ ಮಗುವಿಗೆ ಮಾಡಬಾರದು. ಸೂಜಿ ಚುಚ್ಚಿದ್ದು ನಿಮ್ಮ ವಯಸ್ಸಿನವರಿಗಾದರೆ ಎಲ್ಲ ಪರೀಕ್ಷೆ ಮುಗಿಯುವವರೆಗೆ ರಕ್ತದಾನ ಬೇಡ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಹಂಚಿಕೊಳ್ಳಬೇಡಿ. ಮದುವೆಯಾದವರು ನಿರೋಧ್ ಬಳಸಲಿ. ಇನ್ನೊಂದು ಮಾತು. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ, ಮಗುವಿನ ಪರವಾಗಿ ಹೆತ್ತವರು ಒಪ್ಪಿಗೆ ಕೊಡ್ತಾರೆ. ಫಲಿತಾಂಶವನ್ನು ಊರಿಗೆ ಸಾರುವ ಹಾಗಿಲ್ಲ. ಅದರ ನೆಪದಲ್ಲಿ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಇದನ್ನು ಹೆದರಿದ ಅವ್ವ ಅಪ್ಪನಿಗೆ ತಿಳಿಸಿ.

ಈಗ 'ಯಾರು ಎಸೆದರು' ಅನ್ನೋ ಪ್ರಶ್ನೆಗೆ ಬರೋಣ. ಆಸ್ಪತ್ರೆ ಕಸಕ್ಕೆ ನಮ್ಮ ದೇಶದಲ್ಲಿ 1998ರಲ್ಲೇ ನಿಯಮ ಬಂತು. 2016ರಲ್ಲಿ ಹೊಸ ನಿಯಮ ಬಂತು. ಸೂಜಿಯನ್ನು ಬಿಳಿ, ಚುಚ್ಚಿದರೆ ತೂತಾಗದ ಡಬ್ಬದಲ್ಲಿ ಹಾಕಬೇಕು. ಊರ ಕಸದ ಜೊತೆ ಸೇರಿಸಬಾರದು. ದೊಡ್ಡಾಸ್ಪತ್ರೆಗೆ ಮಾತ್ರ ಅಲ್ಲ, ಒಂದೂ ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ, ದನದ ಆಸ್ಪತ್ರೆಗೆ, ಲಸಿಕೆ ಶಿಬಿರಕ್ಕೂ ಇದೇ ನಿಯಮ. ಆ ಕಸ ಮುಟ್ಟುವ ಕೆಲಸಗಾರರಿಗೆಲ್ಲ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು ಅಂತಲೂ ಅದರಲ್ಲಿದೆ. ಮನೆಯಲ್ಲಿ ಬಳಸಿದ ಸೂಜಿಯನ್ನು 2016ರ ಘನತ್ಯಾಜ್ಯ ನಿಯಮಗಳು ಅಪಾಯಕಾರಿ ಕಸ ಅಂತ ಹೆಸರಿಟ್ಟು ಕರೆದವು. ಕಾಗದದ ಮೇಲೆ ಎಲ್ಲ ಇದೆ. ಆದರೆ ಸೂಜಿ ಡಬ್ಬದಲ್ಲಿಲ್ಲ, ತಿಪ್ಪೆಯಲ್ಲಿದೆ.

ಬಿಸಾಡಿದ ಸೂಜಿ ಕಸ ಆರಿಸುವವರಿಗೆ ಮಾತ್ರ ಅಪಾಯ ಅಂತ ಊರಿನವರು ತಿಳಿದಿದ್ದರೆ ಅದೂ ತಪ್ಪು. 2009ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೋಡಾಸಾ ಸುತ್ತಮುತ್ತ ಹೆಪಟೈಟಿಸ್ ಬಿ ಹಬ್ಬಿ ಹಲವಾರು ಜನ ಸತ್ತರು. ಒಬ್ಬರಿಗೆ ಹಾಕಿದ ಸೂಜಿ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದ್ದರಿಂದ ಹಬ್ಬಿದ್ದು ಅಂತ ಬಯಲಾಯಿತು. ಕಸಕ್ಕೆ ಹೋದ ಸೂಜಿ ತಿರುಗಿ ಊರೊಳಗೆ ಬರಬಲ್ಲದು. ಊರು ಕೇರಿ ಅಂತ ಅದು ನೋಡೋದಿಲ್ಲ. ಆದರೆ ಮೊದಲು ಚುಚ್ಚೋದು ಕೇರಿಗೆ.

ಗೆಳೆಯರೇ, ಈ ಸಭೆಯಿಂದ ಎದ್ದು ಹೋಗುವಾಗ ಮೂರು ಕೆಲಸ ಹೊತ್ತುಕೊಂಡು ಹೋಗಿ.

ಒಂದು, ನಿಮ್ಮದೇ ಲಸಿಕೆ ನೋಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳ ಪಟ್ಟಿಗೆ ಸೇರಿದ್ದು 2011ರಲ್ಲಿ. ಇಲ್ಲಿ ಕೂತಿರೋ ನಾವು ಅದಕ್ಕೆ ಮುಂಚೆ ಹುಟ್ಟಿದವರು. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಆಗಿರಲಿಕ್ಕಿಲ್ಲ. ಮೂರು ಡೋಸು, ಇವತ್ತು, ತಿಂಗಳಿಗೆ, ಆರು ತಿಂಗಳಿಗೆ. ಹಾಸ್ಟೆಲಿನವರೆಲ್ಲ ಸೇರಿ ವಾರ್ಡನ್ ಮೂಲಕ ಆರೋಗ್ಯ ಇಲಾಖೆಗೆ ಅರ್ಜಿ ಬರೆಯಿರಿ. ಊರಿಗೆ ಹೋದಾಗ ತಮ್ಮ ತಂಗಿಯರ ತಾಯಿ ಕಾರ್ಡು ತೆಗೆದು ನೋಡಿ. ಖಾಲಿ ಮನೆ ಕಂಡರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಸೂಜಿ ಚುಚ್ಚೋಕೆ ಮುಂಚೆ ಆದ ಲಸಿಕೆಯೇ ದೊಡ್ಡ ಲಸಿಕೆ.

ಎರಡು, ನಿಮ್ಮ ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಸೂಜಿ ಕಂಡರೆ ಎತ್ತಬೇಡಿ, ದೊಡ್ಡವರನ್ನು ಕರೆಯಿರಿ. ಚುಚ್ಚಿದರೆ ಓಡಿ ಬಂದು ಹೇಳಿ, ಯಾರೂ ಹೊಡೆಯೋದಿಲ್ಲ. ಈ ಭರವಸೆಯನ್ನು ಅವರ ಅವ್ವ ಅಪ್ಪನ ಎದುರಿಗೇ ಕೊಡಿ.

ಮೂರು, ಬಯಲಲ್ಲಿ ಸೂಜಿ ಬಿದ್ದಿರೋದು ಕಂಡರೆ ಸುಮ್ಮನಿರಬೇಡಿ. ಜಾಗ, ತಾರೀಖು ಬರೆದು, ಫೋಟೋ ತೆಗೆದು, ಪಂಚಾಯ್ತಿ ಅಥವಾ ಪುರಸಭೆಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಸ್ವೀಕೃತಿ ಚೀಟಿ ಇಸಕೊಳ್ಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಕಸ ಗುಡಿಸುವ ನಿಮ್ಮ ಅವ್ವನಿಗೆ ಗ್ಲೌಸು, ಬೂಟು, ಲಸಿಕೆ ಕೊಟ್ಟಿದ್ದಾರಾ ಅಂತ ಅವತ್ತೇ ಕೇಳಿಕೊಂಡು ಬನ್ನಿ.

ಕಸದ ಹತ್ತಿರ ಹೋಗಬೇಡ ಅಂತ ಮಗುವಿಗೆ ಹೇಳೋದು ಸುಲಭ. ಆ ಮಗು ಕಸಕ್ಕೆ ಹೋಗದೆ ಶಾಲೆಗೆ ಹೋಗುವ ದಿನ ಬರಬೇಕು, ಅದಕ್ಕೆ ಜಗಳ ಮಾಡೋಣ. ಆ ದಿನ ಬರೋ ತನಕ, ಇವತ್ತು ಸಂಜೆ ಯಾವುದೋ ತಿಪ್ಪೆಯಲ್ಲಿ ಒಂದು ಮಗುವಿಗೆ ಸೂಜಿ ಚುಚ್ಚಬಹುದು. ಅದು ನಿಮ್ಮ ಹತ್ತಿರ ಬಂದು ಅಂಗೈ ತೋರಿಸಿದರೆ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತು. ಸೋಪು, ನೀರು, ಆಸ್ಪತ್ರೆ, ಅವತ್ತೇ. ಬೈಯಬೇಡಿ.